ಸಂಶೋಧನೆ ಮುಗಿಸಿ ಆರೋಗ್ಯ ನೀತಿಯ ಕಡೆ ಹೊರಟವರಿಗೆ: ಐದು ದಾರಿಗಳ ಹೋಲಿಕೆ

"ಪಿಎಚ್‌ಡಿ ಮುಗಿಯುತ್ತಾ ಬಂತು. ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನೆಗೆ) ಹೋಗಲೋ, ಪಾಲಿಸಿ ಕಡೆ ಬರಲೋ?" ಈ ಪ್ರಶ್ನೆ ಕೇಳುವವರು ಈಗೀಗ ಜಾಸ್ತಿಯಾಗಿದ್ದಾರೆ. ಅವರಲ್ಲಿ ಮೂರು ಬಗೆ. ಜೀವವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿರುವವರು ಒಂದು. ಎಂಬಿಬಿಎಸ್ ಮುಗಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿ, "ಬರೀ ಔಷಧಿ ಬರೆದರೆ ಸಾಲದು, ವ್ಯವಸ್ಥೆ ಬದಲಾಗಬೇಕು" ಅನ್ನಿಸಿದವರು ಎರಡನೆಯ ಬಗೆ. ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡಿಕೊಂಡು ಒಂದು ಪ್ರಾಜೆಕ್ಟಿನಿಂದ ಇನ್ನೊಂದಕ್ಕೆ ಓಡಾಡುತ್ತಿರುವವರು ಮೂರನೆಯವರು. ಮೂವರಿಗೂ ಒಂದೇ ಉತ್ತರ ಹೇಳಲು ಬರುವುದಿಲ್ಲ. ಆದರೆ ಮೂವರೂ ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ.

ಈ ಕೆಲಸ ಅಂದರೆ ಏನು ಅನ್ನುವುದನ್ನು ನಮ್ಮದೇ ನೆಲದ ಒಂದು ಕಥೆಯಿಂದ ಹೇಳುತ್ತೇನೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಆಗಿನ ದೊಡ್ಡ ಪ್ರಶ್ನೆ: ಕ್ಷಯ ಇರುವವರನ್ನು ಪತ್ತೆ ಮಾಡಲು ಎಕ್ಸ್‌ರೇ ವ್ಯಾನುಗಳನ್ನು ಹಳ್ಳಿ ಹಳ್ಳಿಗೆ ಕಳಿಸಬೇಕಾ? ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನೇ ಕೂತು ಮಾತಾಡಿಸಿದರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಬಂದಿದ್ದರು. ಕೆಮ್ಮಿನ ಔಷಧಿ ಕೊಟ್ಟು ಮನೆಗೆ ಕಳಿಸಿದ್ದರು, ಅಷ್ಟೆ. ಅಂದರೆ ಜನ ಆಸ್ಪತ್ರೆಗೆ ಬರುತ್ತಿದ್ದರು, ಆಸ್ಪತ್ರೆ ಅವರ ಕಾಯಿಲೆಯನ್ನು ಗುರುತಿಸುತ್ತಿರಲಿಲ್ಲ. ಹಾಗಾದರೆ ದುಡ್ಡು ಹಾಕಬೇಕಾದದ್ದು ವ್ಯಾನಿಗಲ್ಲ, ಇರುವ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ ಮಾಡುವ ವ್ಯವಸ್ಥೆಗೆ. 1962ರಲ್ಲಿ ಬಂದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ಯೋಚನೆಯ ಮೇಲೆ ನಿಂತಿತು. ಅಧ್ಯಯನ 1963ರಲ್ಲಿ ಅಚ್ಚಾಯಿತು.

ಇದರಲ್ಲಿ ಮೂರು ಕೆಲಸಗಳಿವೆ. ಸರಿಯಾದ ಪ್ರಶ್ನೆ ಕೇಳಿ ಉತ್ತರ ಹುಡುಕುವುದು ಒಂದು. ಆ ಉತ್ತರವನ್ನು ಸರ್ಕಾರ ಮಾಡಬಹುದಾದ ಕೆಲಸವಾಗಿ ಬರೆಯುವುದು ಇನ್ನೊಂದು. ಅದು ಜಾರಿಯಾಗಿ, ಹತ್ತು ವರ್ಷ ಆದ ಮೇಲೂ ನಿಲ್ಲದಂತೆ ಅದರ ಬೆನ್ನು ಹತ್ತುವುದು ಮೂರನೆಯದು. ಮೂರನ್ನೂ ಒಬ್ಬರೇ ಮಾಡುವುದು ಅಪರೂಪ. ನಿಮಗೆ ಯಾವುದು ಒಗ್ಗುತ್ತದೆ ಅನ್ನುವುದರ ಮೇಲೆ ದಾರಿ ನಿಂತಿದೆ.

ಅಳೆಯುವುದು ಯಾವುದರಿಂದ?

ಸಂಬಳದ ಲೆಕ್ಕದಿಂದ ಶುರು ಮಾಡುವವರೇ ಹೆಚ್ಚು. ಅದು ಬೇಕು. ಆದರೆ ನಾನು ಮೊದಲು ಕೇಳುವುದು ಬೇರೆ: ನೀವು ಬರೆದ ಕಾಗದ ಕೊನೆಗೆ ಯಾರ ಮೇಜಿಗೆ ಹೋಗುತ್ತದೆ? ಅದನ್ನು ಓದಿ "ಆಗಲಿ" ಅಥವಾ "ಬೇಡ" ಅನ್ನುವ ಅಧಿಕಾರ ಆ ಮೇಜಿಗೆ ಇದೆಯಾ? ಒಂದೇ ಬಗೆಯ ಸಂಬಳ, ಒಂದೇ ಬಗೆಯ ಹುದ್ದೆಯ ಹೆಸರು ಇರುವ ಎರಡು ಕೆಲಸಗಳ ನಡುವೆ ಈ ಒಂದು ಪ್ರಶ್ನೆಗೆ ಸಿಗುವ ಉತ್ತರ ಪೂರ್ತಿ ಬೇರೆಯಾಗಿರುತ್ತದೆ.

ಎರಡನೆಯದು, ಹೆಸರು ಮತ್ತು ಬಾಯಿ. ವರದಿಯ ಮೇಲೆ ನಿಮ್ಮ ಹೆಸರು ಇರುತ್ತದಾ? ಸರ್ಕಾರದ ನಿರ್ಧಾರ ತಪ್ಪು ಅನ್ನಿಸಿದಾಗ ಪತ್ರಿಕೆಯಲ್ಲಿ ಬರೆಯಬಹುದಾ?

ಮೂರನೆಯದು, ಕೆಲಸ ಎಷ್ಟು ಗಟ್ಟಿ. ಕಾಯಂ ಹುದ್ದೆಯಾ, ವರ್ಷ ವರ್ಷ ಮುಂದುವರಿಸುವ ಗುತ್ತಿಗೆಯಾ, ಯಾರದೋ ಅನುದಾನ ಇರುವವರೆಗೆ ಮಾತ್ರವಾ? ನಾಲ್ಕನೆಯದು, ಊರು. ಆರೋಗ್ಯ ಕಾಗದದ ಮೇಲೆ ರಾಜ್ಯದ ವಿಷಯ. ಆದರೂ ದೊಡ್ಡ ಕಾರ್ಯಕ್ರಮಗಳ ರೂಪುರೇಷೆ, ದುಡ್ಡಿನ ಹಂಚಿಕೆ ಬಹಳಷ್ಟು ದೆಹಲಿಯಲ್ಲೇ ತೀರ್ಮಾನವಾಗುತ್ತದೆ. ವಯಸ್ಸಾದ ಅಪ್ಪ ಅಮ್ಮನನ್ನು ದಾವಣಗೆರೆಯಲ್ಲಿ ಬಿಟ್ಟು ದೆಹಲಿಯಲ್ಲಿ ನೆಲೆಸಲು ಆಗುತ್ತದಾ ಅನ್ನುವುದು ಸಣ್ಣ ಪ್ರಶ್ನೆ ಅಲ್ಲವೇ ಅಲ್ಲ. ಕೊನೆಯದು, ವಾಪಸ್ ಬರುವ ಬಾಗಿಲು. ಎರಡು ವರ್ಷ ನೀತಿಯ ಕೆಲಸ ಮಾಡಿ, ಮತ್ತೆ ಸಂಶೋಧನೆಗೆ ಮರಳಬೇಕು ಅನ್ನಿಸಿದರೆ ಆ ಬಾಗಿಲು ತೆರೆದಿರುತ್ತದಾ?

ಒಂದನೇ ದಾರಿ: ಸಂಶೋಧನೆ ಬಿಡದೆ ನೀತಿ ಮುಟ್ಟುವುದು

ಇದನ್ನು ಜನ ಸುಮ್ನೆ ಮರೆಯುತ್ತಾರೆ. ನೀತಿಯ ಕೆಲಸ ಮಾಡಬೇಕು ಅಂದರೆ ಲ್ಯಾಬನ್ನೋ ಕಾಲೇಜನ್ನೋ ಬಿಡಲೇಬೇಕು ಅಂತ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ.

ಬಳ್ಳಾರಿ ನೋಡಿ. ನಿಮ್ಹಾನ್ಸ್‌ನ ಮನೋವೈದ್ಯರು ಮೊದಲು ಬೆಂಗಳೂರಿನ ಪಕ್ಕದ ಸಕಲವಾರದಲ್ಲಿ, ಆಮೇಲೆ 1985ರ ಸುಮಾರಿನಿಂದ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಮಾನಸಿಕ ಕಾಯಿಲೆಯವರನ್ನು ಅವರ ಊರ ಹತ್ತಿರವೇ ನೋಡಿಕೊಳ್ಳಬಹುದು ಅಂತ ತೋರಿಸಿದರು. 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಇವರು ಯಾರೂ ವೃತ್ತಿ ಬದಲಿಸಲಿಲ್ಲ. ಪಾಠ ಮಾಡುತ್ತಾ, ರೋಗಿಗಳನ್ನು ನೋಡುತ್ತಾ ಇದನ್ನು ಮಾಡಿದರು.

ಇನ್ನೊಂದು ಬಗೆ, ಸಮಿತಿಗಳು. ಕೋವಿಡ್ ಸಮಯದಲ್ಲಿ ಕರ್ನಾಟಕದ ತಾಂತ್ರಿಕ ಸಲಹಾ ಸಮಿತಿಯ ಅಧ್ಯಕ್ಷರಾಗಿದ್ದ ಡಾ. ಎಂ.ಕೆ. ಸುದರ್ಶನ್ ಬೆಂಗಳೂರಿನ ವೈದ್ಯಕೀಯ ಕಾಲೇಜಿನಲ್ಲಿ ಸಮುದಾಯ ಆರೋಗ್ಯ ಕಲಿಸಿದವರು, ರೇಬಿಸ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಸಮಿತಿಗೆ ಕರೆ ಬರುವುದು ಒಂದು ವಿಷಯದಲ್ಲಿ ಹೀಗೆ ಹೆಸರು ಗಟ್ಟಿಯಾದ ಮೇಲೆ. ಅದೇ ಈ ದಾರಿಯ ಬೆಲೆ: ತಾಳ್ಮೆ. ಮೂವತ್ತನೇ ವಯಸ್ಸಿಗೆ ನಿಮ್ಮನ್ನು ಯಾರೂ ಸಮಿತಿಗೆ ಕರೆಯುವುದಿಲ್ಲ.

ಹಣದ ಮಟ್ಟಿಗೆ, ಕಾಯಂ ಅಧ್ಯಾಪಕ ಹುದ್ದೆ ಸಿಕ್ಕರೆ ಇದು ಎಲ್ಲಕ್ಕಿಂತ ಗಟ್ಟಿ. ಸಿಗುವವರೆಗಿನ ಕಾಲವೇ ಕಷ್ಟ. 2023ರ ಜನವರಿಯಿಂದ ಜೆಆರ್‌ಎಫ್ (ಪಿಎಚ್‌ಡಿಯ ಮೊದಲ ವರ್ಷಗಳ ಫೆಲೋಶಿಪ್) ತಿಂಗಳಿಗೆ 37,000, ಎಸ್‌ಆರ್‌ಎಫ್ (ಅದರ ಮುಂದಿನ ಹಂತ) 42,000, ರಿಸರ್ಚ್ ಅಸೋಸಿಯೇಟ್ (ಪಿಎಚ್‌ಡಿ ಆದವರಿಗೆ) 58,000ದಿಂದ 67,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಕೈಗೆ ತಡವಾಗಿ ಬರುವುದೂ ಉಂಟು. ಬೆಂಗಳೂರಿನ ಬಾಡಿಗೆ ಗೊತ್ತಿರುವವರಿಗೆ ಇದರ ಅರ್ಥ ವಿವರಿಸಬೇಕಿಲ್ಲ.

ಬಾಯಿ ಬಿಡುವ ಸ್ವಾತಂತ್ರ್ಯ ಮಾತ್ರ ಇಲ್ಲಿ ಸಾಕಷ್ಟಿದೆ. ನಿಮ್ಮ ಹೆಸರಿನಲ್ಲೇ ಪ್ರಬಂಧ, ನಿಮ್ಮ ಹೆಸರಿನಲ್ಲೇ ಲೇಖನ. ಮೇಜು ಮಾತ್ರ ದೂರ. ನೀವು ಬರೆದದ್ದನ್ನು ಅಧಿಕಾರದಲ್ಲಿ ಇರುವವರು ಓದಿದರು ಅನ್ನುವ ಖಾತ್ರಿ ಏನೂ ಇಲ್ಲ. ಓದಿಸುವ ಕೆಲಸವನ್ನೂ ನೀವೇ ಮಾಡಬೇಕು.

ಎರಡನೇ ದಾರಿ: ಸರ್ಕಾರದ ವಿಜ್ಞಾನಿ ಹುದ್ದೆ

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ), ಆರೋಗ್ಯ ಸಂಶೋಧನಾ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆ, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ. ಇಲ್ಲೆಲ್ಲ ಕಾಯಂ ವಿಜ್ಞಾನಿ ಹುದ್ದೆಗಳಿವೆ. ಮೊದಲ ಹಂತದ ಸೈಂಟಿಸ್ಟ್ ಬಿ ಆಗಿ ಸೇರಿದರೆ 7ನೇ ವೇತನ ಆಯೋಗದ ಲೆವೆಲ್ 10, ಮೂಲ ವೇತನ 56,100. ಸೈಂಟಿಸ್ಟ್ ಸಿ ಆದರೆ ಲೆವೆಲ್ 11, 67,700. ತುಟ್ಟಿಭತ್ಯೆ, ಬಾಡಿಗೆ ಭತ್ಯೆ ಸೇರಿದಾಗ ಕೈಗೆ ಬರುವುದು ಇದಕ್ಕಿಂತ ಸಾಕಷ್ಟು ಹೆಚ್ಚು.

ಒಂದು ಎಚ್ಚರಿಕೆ. "ಪ್ರಾಜೆಕ್ಟ್ ರಿಸರ್ಚ್ ಸೈಂಟಿಸ್ಟ್" ಅನ್ನುವ ಹುದ್ದೆಗಳ ಜಾಹೀರಾತು ವರ್ಷಪೂರ್ತಿ ಬರುತ್ತಿರುತ್ತದೆ. ಹೆಸರಲ್ಲಿ ಸೈಂಟಿಸ್ಟ್ ಇದೆ, ಸಂಬಳವೂ ಪರವಾಗಿಲ್ಲ. ಆದರೆ ಅದು ಪ್ರಾಜೆಕ್ಟ್ ಮುಗಿಯುವವರೆಗೆ ಮಾತ್ರ. ಅಲ್ಲಿಂದ ಕಾಯಂ ಹುದ್ದೆಗೆ ತಾನಾಗೇ ಹೋಗುವ ಮೆಟ್ಟಿಲು ಇಲ್ಲ. ಅನುಭವಕ್ಕೆ ಅಂತ ಸೇರಿ, ತಪ್ಪಿಲ್ಲ. ನೆಲೆ ಅಂತ ತಿಳಿದು ಸೇರಬೇಡಿ.

ಕರ್ನಾಟಕದಲ್ಲೇ ಇರಬೇಕು ಅನ್ನುವವರಿಗೆ ಐಸಿಎಂಆರ್‌ನ ಕೆಲವು ಸಂಸ್ಥೆಗಳು ಇಲ್ಲಿವೆ. ಬೆಂಗಳೂರಿನ ಎನ್‌ಸಿಡಿಐಆರ್ ದೇಶದ ಕ್ಯಾನ್ಸರ್ ನೋಂದಣಿಯ ಅಂಕಿಅಂಶಗಳನ್ನು ನೋಡಿಕೊಳ್ಳುತ್ತದೆ. ಬೆಳಗಾವಿಯಲ್ಲಿ ಸಾಂಪ್ರದಾಯಿಕ ವೈದ್ಯ ಪದ್ಧತಿಯ ಸಂಸ್ಥೆ ಇದೆ. ಸಂಖ್ಯಾಶಾಸ್ತ್ರ ಓದಿದವರು ಎನ್‌ಸಿಡಿಐಆರ್ ಕಡೆ ಕಣ್ಣಿಟ್ಟಿರಿ. ಯಾವ ಜಿಲ್ಲೆಯಲ್ಲಿ ಕ್ಯಾನ್ಸರ್ ಆಸ್ಪತ್ರೆ ಬೇಕು ಅನ್ನುವ ಚರ್ಚೆಗೆ ಬುಡವೇ ಆ ಅಂಕಿಗಳು. ಹಾಗಂತ ಮೊದಲ ಪೋಸ್ಟಿಂಗ್ ಇಲ್ಲೇ ಸಿಗುತ್ತದೆ ಅಂತಿಲ್ಲ. ದೇಶದಲ್ಲಿ ಎಲ್ಲಿ ಹಾಕಿದರೂ ಹೋಗುವ ಮನಸ್ಸು ಇರಬೇಕು.

ಸರ್ಕಾರದ ಮೇಲಿನ ಹುದ್ದೆಗಳಿಗೆ ಹೋದ ವಿಜ್ಞಾನಿಗಳು ದೊಡ್ಡ ಕೆಲಸ ಮಾಡಿದ್ದಾರೆ. ಎಂ.ಕೆ. ಭಾನ್ ದೆಹಲಿಯ ಏಮ್ಸ್‌ನಲ್ಲಿ ಮಕ್ಕಳ ವೈದ್ಯರು. ಅಲ್ಲಿ ನವಜಾತ ಶಿಶುಗಳಲ್ಲಿ ಸಿಕ್ಕ ರೋಟಾವೈರಸ್ ತಳಿಯಿಂದ ಲಸಿಕೆ ಮಾಡಬಹುದು ಅನ್ನುವ ಯೋಚನೆಯ ಹಿಂದೆ ಬಿದ್ದರು. ಆಮೇಲೆ ಜೈವಿಕ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯಾದರು. ಆ ಲಸಿಕೆ 2014ರಲ್ಲಿ ಪರವಾನಗಿ ಪಡೆದು, 2016ರಲ್ಲಿ ಸರ್ಕಾರದ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಸೌಮ್ಯ ಸ್ವಾಮಿನಾಥನ್ ಚೆನ್ನೈನಲ್ಲಿ ಕ್ಷಯದ ಸಂಶೋಧಕಿಯಾಗಿದ್ದು, ಐಸಿಎಂಆರ್ ಮುಖ್ಯಸ್ಥೆಯಾಗಿ, ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯ ವಿಜ್ಞಾನಿಯಾದರು. ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕುರ್ಚಿಗೆ 2018ರಲ್ಲಿ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ನ ಕೆ. ವಿಜಯರಾಘವನ್, 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಅಜಯ್ ಸೂದ್ ಹೋದರು. ಇಬ್ಬರೂ ಬೆಂಗಳೂರಿನ ಲ್ಯಾಬುಗಳಿಂದ ಹೋದವರು.

ಕೊಡಬೇಕಾದ ಬೆಲೆ? ಬಾಯಿ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ ಸರ್ಕಾರವನ್ನು ಬಹಿರಂಗವಾಗಿ ಟೀಕಿಸಬಾರದು ಅಂತ ಸ್ಪಷ್ಟವಾಗಿದೆ. ರಾಜ್ಯ ಸರ್ಕಾರಿ ನೌಕರರಿಗೂ ಅಂಥದ್ದೇ ನಿಯಮ ಉಂಟು. ಮನಸ್ಸಿಗೆ ಒಪ್ಪದ ನಿರ್ಧಾರ ಬಂದಾಗ ಕಡತದಲ್ಲಿ ಟಿಪ್ಪಣಿ ಬರೆಯಬಹುದು. ಪತ್ರಿಕೆಗೆ ಬರೆಯಲಾಗದು. ಕೆಲವರಿಗೆ ಇದು ಉಸಿರು ಕಟ್ಟಿಸುತ್ತದೆ. ಇನ್ನು ಕೆಲವರು ಕಡತದ ಟಿಪ್ಪಣಿಯ ಬಲ ಅರಿತು ನೆಮ್ಮದಿಯಾಗಿ ಕೆಲಸ ಮಾಡುತ್ತಾರೆ. ನೀವು ಯಾರು ಅನ್ನುವುದು ನಿಮಗೇ ಗೊತ್ತು.

ಮೂರನೇ ದಾರಿ: ಕನ್ಸಲ್ಟೆಂಟ್, ಯಂಗ್ ಪ್ರೊಫೆಷನಲ್, ಫೆಲೋಶಿಪ್

ಹೆಚ್ಚಿನವರು ನೀತಿಯ ಕೆಲಸಕ್ಕೆ ಕಾಲಿಡುವುದು ಇಲ್ಲೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ದೆಹಲಿಯಲ್ಲಿ ನೀತಿ ಆಯೋಗ ಯಂಗ್ ಪ್ರೊಫೆಷನಲ್‌ಗಳನ್ನು ತೆಗೆದುಕೊಳ್ಳುತ್ತದೆ. ಇತ್ತೀಚಿನ ಪ್ರಕಟಣೆಗಳಲ್ಲಿ ತಿಂಗಳಿಗೆ ಸುಮಾರು 70,000 ರೂಪಾಯಿ. ಆರೋಗ್ಯ ಸಚಿವಾಲಯಕ್ಕೆ ತಾಂತ್ರಿಕ ನೆರವು ಕೊಡುವ ಎನ್‌ಎಚ್‌ಎಸ್‌ಆರ್‌ಸಿ ಇದೆ, ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದ ಮೇಲೆ ಹುಟ್ಟಿದ್ದು. ಆರೋಗ್ಯ ಸಂಶೋಧನಾ ಇಲಾಖೆಯ ಕೆಳಗೆ 2017ರಲ್ಲಿ ಎಚ್‌ಟಿಎ‌ಇನ್ ಶುರುವಾಯಿತು. ಒಂದು ಹೊಸ ಉಪಕರಣಕ್ಕೋ ಚಿಕಿತ್ಸೆಗೋ ಸರ್ಕಾರ ದುಡ್ಡು ಹಾಕಿದರೆ ಅದಕ್ಕೆ ತಕ್ಕ ಆರೋಗ್ಯ ಸಿಗುತ್ತದಾ ಅಂತ ಲೆಕ್ಕ ಹಾಕುವುದು ಅದರ ಕೆಲಸ. ಕಣ್ಣಿನ ಪೊರೆಯ ಆಪರೇಷನ್‌ಗೆ ಯಾವ ಬಗೆಯ ಲೆನ್ಸ್, ಯಾವ ವಿಧಾನ ಅನ್ನುವುದು ಅಲ್ಲಿನ ಮೊದಲ ಅಧ್ಯಯನಗಳಲ್ಲಿ ಒಂದು. ಲೆಕ್ಕಾಚಾರ ಇಷ್ಟಪಡುವ ಸಂಶೋಧಕರಿಗೆ ಇದಕ್ಕಿಂತ ಒಳ್ಳೆ ಜಾಗ ನನಗೆ ಕಾಣುತ್ತಿಲ್ಲ. ನೀವು ಹಾಕಿದ ಲೆಕ್ಕ ನೇರ ಖರೀದಿಯ ನಿರ್ಧಾರಕ್ಕೆ ಹೋಗುತ್ತದೆ. ಅನೇಕ ರಾಜ್ಯಗಳಲ್ಲಿ ಇದರ ಕೇಂದ್ರಗಳು ಇರುವುದರಿಂದ ದೆಹಲಿಗೇ ಹೋಗಬೇಕೆಂದಿಲ್ಲ.

ಬೆಂಗಳೂರಿನಲ್ಲೇ ಆದರೆ ಆರೋಗ್ಯ ಸೌಧದಲ್ಲಿರುವ ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಕಚೇರಿಯ ಕನ್ಸಲ್ಟೆಂಟ್ ಹುದ್ದೆಗಳು. ಇವುಗಳ ಒಳ್ಳೆಯತನ ಬೇರೆಯವರು ಹೇಳುವುದು ಕಡಿಮೆ, ಅದಕ್ಕೆ ನಾನು ಹೇಳುತ್ತೇನೆ. ರಾಯಚೂರಿನಲ್ಲಿ ಹೆರಿಗೆಗೆ ಬಂದ ತಾಯಂದಿರಲ್ಲಿ ರಕ್ತಹೀನತೆ ಎಷ್ಟು, ಕಬ್ಬಿಣದ ಮಾತ್ರೆ ಯಾವ ತಿಂಗಳು ಖಾಲಿಯಾಗಿತ್ತು, ಆಶಾ ಕಾರ್ಯಕರ್ತೆಯರ ಪ್ರೋತ್ಸಾಹ ಧನ ಯಾಕೆ ತಡವಾಯಿತು: ಇದೆಲ್ಲ ನಿಮ್ಮ ಕಣ್ಣೆದುರು ಇರುತ್ತದೆ. ನೀವು ಬರೆದುಕೊಟ್ಟ ಒಂದು ಪುಟ ಮುಂದಿನ ವಾರ ಸುತ್ತೋಲೆಯಾಗಿ ಎಲ್ಲ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಹೋಗಬಹುದು. ಮೇಜಿಗೆ ಇಷ್ಟು ಹತ್ತಿರ ಇರುವ ಕೆಲಸ ಬೇರೆ ಇಲ್ಲ.

ಕೆಟ್ಟದ್ದು ಎಲ್ಲರಿಗೂ ಗೊತ್ತು. ಗುತ್ತಿಗೆ. ಸಾಮಾನ್ಯವಾಗಿ ಹನ್ನೊಂದು ತಿಂಗಳು, ಆಮೇಲೆ ಮುಂದುವರಿಕೆ. ನಿಮ್ಮನ್ನು ನೆಚ್ಚಿಕೊಂಡಿದ್ದ ಐಎಎಸ್ ಅಧಿಕಾರಿಯ ವರ್ಗಾವಣೆಯಾದರೆ ನಿಮ್ಮ ಕೆಲಸದ ದಿಕ್ಕೂ ಬದಲಾಗುತ್ತದೆ. ಬರೆದದ್ದರ ಮೇಲೆ ನಿಮ್ಮ ಹೆಸರು ಇರುವುದಿಲ್ಲ, ಸಹಿ ಇನ್ನೊಬ್ಬರದು. ಮೂರು ವರ್ಷ ಇದನ್ನೇ ಮಾಡಿ ವಾಪಸ್ ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಹೋದರೆ, "ಈ ಮೂರು ವರ್ಷದಲ್ಲಿ ನಿಮ್ಮ ಪ್ರಕಟಣೆ ಎಲ್ಲಿ?" ಅಂತ ಕೇಳುತ್ತಾರೆ. ಅದಕ್ಕೆ ಸೇರುವಾಗಲೇ ಕೇಳಿಕೊಳ್ಳಿ: ವರ್ಷಕ್ಕೆ ಒಂದು ಪ್ರಬಂಧವನ್ನಾದರೂ ನನ್ನ ಹೆಸರಿನಲ್ಲಿ ಪ್ರಕಟಿಸಲು ಅನುಮತಿ ಇದೆಯಾ? ಬಾಯಿಮಾತಿನ ಒಪ್ಪಿಗೆ ಸಾಲದು. ಇಮೇಲ್‌ನಲ್ಲಿ ಪಡೆಯಿರಿ.

ಸಂಶೋಧನೆಯ ಕಡೆಯ ಬಾಗಿಲು ಮುಚ್ಚದೆ ಇದನ್ನು ನೋಡಬೇಕು ಅನ್ನುವವರಿಗೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೀತಿ ಫೆಲೋಶಿಪ್ ಹೆಚ್ಚು ಹೊಂದುತ್ತದೆ. ಅದರ ನೀತಿ ಸಂಶೋಧನಾ ಕೇಂದ್ರಗಳಲ್ಲಿ ಒಂದು ಐಐಎಸ್‌ಸಿಯಲ್ಲೇ ಇದೆ. ಪಿಎಚ್‌ಡಿ ಆದವರಿಗೆ ಪೋಸ್ಟ್‌ಡಾಕ್ ಥರಾನೇ ನಡೆಯುತ್ತದೆ, ಪ್ರಬಂಧವೂ ಬರುತ್ತದೆ. ಆದರೆ ಅರ್ಜಿ ಕರೆಯುವುದು ಪ್ರತಿ ವರ್ಷ ಅದೇ ತಿಂಗಳಲ್ಲಿ ಬರುತ್ತದೆ ಅಂತ ನಂಬಿಕೊಂಡು ಬೇರೆ ಅವಕಾಶ ಬಿಡಬೇಡಿ. ಹಾಗೇ, ಸಂಸದರ ಜೊತೆ ಕೆಲಸ ಮಾಡುವ ಲ್ಯಾಂಪ್ ಫೆಲೋಶಿಪ್ ಬಗ್ಗೆ ಪಿಎಚ್‌ಡಿ ಮುಗಿಸಿದ ತುಂಬಾ ಜನ ಕೇಳುತ್ತಾರೆ. ಅದಕ್ಕೆ ವಯಸ್ಸಿನ ಮಿತಿ 25. ಎಂಎಸ್ಸಿ ಮುಗಿಸಿದ ತಮ್ಮನಿಗೋ ತಂಗಿಗೋ ಹೇಳಿ.

ನಾಲ್ಕನೇ ದಾರಿ: ಸ್ವತಂತ್ರ ಸಂಸ್ಥೆಗಳು

ಬೆಂಗಳೂರಿನಲ್ಲಿ ಇವು ಬಹಳ ಇವೆ. 1984ರಲ್ಲಿ ಕಮ್ಯುನಿಟಿ ಹೆಲ್ತ್ ಸೆಲ್ ಆಗಿ ಶುರುವಾದ ಸೊಚಾರಾ, 2005ರಲ್ಲಿ ಬಂದ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್, ಸಿ-ಸ್ಟೆಪ್, ತಕ್ಷಶಿಲಾ. ಒಂದೊಂದರ ಸ್ವಭಾವ ಒಂದೊಂದು. ಕೆಲವು ಜನರ ನಡುವೆ ಇದ್ದು ಕೆಲಸ ಮಾಡುತ್ತವೆ, ಕೆಲವು ಲೆಕ್ಕ ಮತ್ತು ಮಾದರಿಗಳ ಮೂಲಕ, ಕೆಲವು ಬರವಣಿಗೆ ಮತ್ತು ಪಾಠದ ಮೂಲಕ. "ಎನ್‌ಜಿಒ" ಅಂತ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಇಂಥ ಸಂಸ್ಥೆಗಳ ಜನ ಸರ್ಕಾರದ ಮೇಜಿಗೆ ಹೇಗೆ ತಲುಪುತ್ತಾರೆ ಅನ್ನುವುದಕ್ಕೆ ಕರ್ನಾಟಕದ್ದೇ ಸಾಕ್ಷಿ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಕೆಲಸ ಮಾಡಿದ ಡಾ. ಎಚ್. ಸುದರ್ಶನ್ ಅವರನ್ನು ಸರ್ಕಾರ 1999ರಲ್ಲಿ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರನ್ನಾಗಿ ಮಾಡಿತು. ಸೊಚಾರಾದವರೂ ಅದರಲ್ಲಿದ್ದರು. 2001ರಲ್ಲಿ ವರದಿ ಕೊಟ್ಟರು. ಆಸ್ಪತ್ರೆಗಳ ಭ್ರಷ್ಟಾಚಾರ, ಉತ್ತರ ಕರ್ನಾಟಕದ ಹಿಂದುಳಿಯುವಿಕೆ ಎರಡನ್ನೂ ಅದು ಮುಚ್ಚಿಡದೆ ಹೇಳಿತು. 2004ರ ರಾಜ್ಯದ ಆರೋಗ್ಯ ನೀತಿಗೆ ಅದು ದಾರಿ ಮಾಡಿತು. ಸರ್ಕಾರಿ ನೌಕರರಾಗಿದ್ದರೆ ಇದನ್ನು ಇಷ್ಟು ನೇರವಾಗಿ ಬರೆಯಲು ಆಗುತ್ತಿತ್ತಾ?

ತಂಬಾಕಿನ ವಿಷಯ ಈ ದಾರಿಯ ಕಷ್ಟವನ್ನೂ ಬಲವನ್ನೂ ಒಟ್ಟಿಗೆ ತೋರಿಸುತ್ತದೆ. ಸಿಗರೇಟು ಪ್ಯಾಕಿನ 85% ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕು ಅನ್ನುವ ನಿಯಮ 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಇಂಥ ಜಗಳದಲ್ಲಿ ವಿಜ್ಞಾನ ಗೊತ್ತಿದ್ದು ಅಫಿಡವಿಟ್ ಓದಲು ಬರುವವರು ಬೇಕು. ಅಷ್ಟೇ ಅಲ್ಲ, ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರ ಮುಂದೆ ಕೂತು "ನಿಮ್ಮ ಬೆಳೆಗೆ ಬದಲಿ ಏನು?" ಅನ್ನುವ ಮಾತಾಡಲು ಧೈರ್ಯ ಇರುವವರೂ ಬೇಕು. ಅದಕ್ಕೆ ಇನ್ನೂ ಸರಿಯಾದ ಉತ್ತರ ಸಿಕ್ಕಿಲ್ಲ. ಕನ್ನಡದಲ್ಲಿ ಆ ಮಾತು ಆಡಬಲ್ಲ ಸಂಶೋಧಕರ ಅಗತ್ಯ ತುಂಬಾ ಇದೆ.

ದುಡ್ಡಿನ ಕಥೆ ಇಲ್ಲಿ ಅಲುಗಾಡುವಂಥದ್ದು. ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಪರವಾನಗಿ ಬೇಕು. 2020ರ ತಿದ್ದುಪಡಿ ಆದ ಮೇಲೆ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡುವಂತಿಲ್ಲ, ಆಡಳಿತದ ಖರ್ಚು 20% ದಾಟುವಂತಿಲ್ಲ. ಸಂಶೋಧಕರ ಸಂಬಳದ ಲೆಕ್ಕಕ್ಕೂ ಇದರ ಬಿಸಿ ತಟ್ಟುತ್ತದೆ. 2017ರಲ್ಲಿ ಪಬ್ಲಿಕ್ ಹೆಲ್ತ್ ಫೌಂಡೇಷನ್ ಆಫ್ ಇಂಡಿಯಾದ ಪರವಾನಗಿ ರದ್ದಾಯಿತು. 2024ರ ಜನವರಿಯಲ್ಲಿ ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್‌ನದ್ದು ರದ್ದಾಯಿತು. ದೊಡ್ಡ ಹೆಸರಿನ ಸಂಸ್ಥೆ ಅಂದ ಮಾತ್ರಕ್ಕೆ ಕೆಲಸ ಗಟ್ಟಿ ಅಂತ ಅಲ್ಲ. ಸಂದರ್ಶನದಲ್ಲಿ ನೇರವಾಗಿ ಕೇಳಿ: ಈ ಹುದ್ದೆಗೆ ಹಣ ಯಾರದು, ಎಷ್ಟು ವರ್ಷಕ್ಕೆ, ಅದು ಮುಗಿದ ಮೇಲೆ ಏನು? ಹಾಗೆ ಕೇಳಿದರೆ ಮುಜುಗರ ಪಡುವ ಸಂಸ್ಥೆಗೆ ಸೇರಬೇಡಿ.

ಐದನೇ ದಾರಿ: ವಿಶ್ವ ಆರೋಗ್ಯ ಸಂಸ್ಥೆ, ಪ್ರತಿಷ್ಠಾನಗಳು, ಹೊರದೇಶ

ಸಂಬಳ ಇಲ್ಲಿ ಹೆಚ್ಚು, ಹುದ್ದೆ ಕಡಿಮೆ. ವೈದ್ಯರಿಗೆ ಹಳೆಯ ಬಾಗಿಲು ಅಂದರೆ 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸರ್ಕಾರದ ಜೊತೆ ಶುರು ಮಾಡಿದ ಪೋಲಿಯೊ ಕಣ್ಗಾವಲು ಯೋಜನೆ. ಅಲ್ಲಿನ ಸರ್ವೆಲೆನ್ಸ್ ಮೆಡಿಕಲ್ ಆಫೀಸರ್‌ಗಳು ಜಿಲ್ಲೆ ಸುತ್ತಿ, ಕಾಲು ಸೋತ ಒಂದೊಂದು ಮಗುವನ್ನೂ ಹುಡುಕಿದರು. ಭಾರತ 2014ರಲ್ಲಿ ಪೋಲಿಯೊ ಮುಕ್ತ ಅನ್ನಿಸಿಕೊಂಡಿದ್ದರಲ್ಲಿ ಅವರ ಪಾಲು ದೊಡ್ಡದು. ಆದರೂ ಅವು ಗುತ್ತಿಗೆ ಹುದ್ದೆಗಳೇ. ದಾನಿಗಳ ಮನಸ್ಸು ಬದಲಾದರೆ ಏನಾಗುತ್ತದೆ ಅನ್ನುವುದನ್ನು 2025ರಲ್ಲಿ ಎಲ್ಲರೂ ನೋಡಿದರು. ಅಮೆರಿಕ ತನ್ನ ವಿದೇಶಿ ನೆರವಿನ ಬಹುಪಾಲನ್ನು ನಿಲ್ಲಿಸಿತು. ಹತ್ತಾರು ದೇಶಗಳ ಆರೋಗ್ಯ ಸಮೀಕ್ಷೆಗಳಿಗೆ ಬೆನ್ನೆಲುಬಾಗಿದ್ದ ಡಿಎಚ್‌ಎಸ್ ಕಾರ್ಯಕ್ರಮವೇ ನಿಂತಿತು.

ಹೈದರಾಬಾದಿನ ಇಂಡಿಯಾ ಅಲಯನ್ಸ್‌ನಂಥ ಅನುದಾನ ಸಂಸ್ಥೆಗಳ ಒಳಗಿನ ಕೆಲಸದ ಕಡೆ ಕನ್ನಡದವರು ನೋಡುವುದು ಕಡಿಮೆ. ಯಾರ ಸಂಶೋಧನೆಗೆ ಹಣ ಅನ್ನುವುದೂ ನೀತಿಯೇ ಅಲ್ವಾ? ಅಮೆರಿಕದಲ್ಲಿ ಇರುವವರು ಅಲ್ಲಿನ ವಿಜ್ಞಾನಿಗಳ ಸಂಘ ಎಎಎಎಸ್‌ನ ನೀತಿ ಫೆಲೋಶಿಪ್ ಬಗ್ಗೆ ಕೇಳುತ್ತಾರೆ. 1973ರಿಂದ ನಡೆಯುತ್ತಿರುವ ಒಳ್ಳೆಯ ಕಾರ್ಯಕ್ರಮ, ಆದರೆ ಅಲ್ಲಿನ ಪೌರತ್ವ ಇರಲೇಬೇಕು. ಎಚ್1ಬಿ ವೀಸಾದಲ್ಲಿ ಇರುವವರಿಗೆ ಆಗದು.

ವೈದ್ಯರಿಗೆ ಮಾತ್ರ ಇರುವ ಇನ್ನೊಂದು ಆಯ್ಕೆ

ರಾಜ್ಯ ಆರೋಗ್ಯ ಇಲಾಖೆಯಲ್ಲಿ ಈಗಾಗಲೇ ಇರುವ ವೈದ್ಯರೇ, ನೀವು ಎಲ್ಲೂ ಹೋಗಬೇಕಿಲ್ಲ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ 2001ರಿಂದ ಕ್ಷೇತ್ರ ತರಬೇತಿ ಕೊಡುತ್ತಿದೆ. ದೆಹಲಿಯ ಎನ್‌ಸಿಡಿಸಿ (ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ) 2012ರಲ್ಲಿ ಇಐಎಸ್ ಅನ್ನುವ, ರೋಗ ಹರಡುವಿಕೆಯ ತನಿಖೆ ಕಲಿಸುವ ಎರಡು ವರ್ಷದ ತರಬೇತಿ ಶುರು ಮಾಡಿತು. ಇಲಾಖೆಯಿಂದ ಕಳಿಸಿಕೊಟ್ಟರೆ ಹುದ್ದೆ ಕಳೆದುಕೊಳ್ಳದೆ ಸಂಶೋಧನೆ ಕಲಿಯಬಹುದು.

ಇದರ ಫಲ ಏನು ಅನ್ನುವುದಕ್ಕೆ ಮಂಗನ ಕಾಯಿಲೆ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಇದು. ಅದಕ್ಕೆ ದಶಕಗಳಿಂದ ಒಂದು ಲಸಿಕೆ ಕೊಡುತ್ತಿದ್ದರು. ನಿಜಕ್ಕೂ ಕೆಲಸ ಮಾಡುತ್ತಿದೆಯಾ ಅಂತ ಶಿವಮೊಗ್ಗದ ವೈದ್ಯರು, ಚೆನ್ನೈ ಸಂಸ್ಥೆಯ ಸಂಶೋಧಕರು ಸೇರಿ 2005ರಿಂದ 2010ರ ದಾಖಲೆಗಳನ್ನು ತೆಗೆದು ನೋಡಿದರು. ಎರಡು ಡೋಸ್ ಹಾಕಿಸಿಕೊಂಡವರಲ್ಲಿ ರಕ್ಷಣೆ ಸುಮಾರು 62%, ಬೂಸ್ಟರ್ ಕೂಡ ಆದವರಲ್ಲಿ ಸುಮಾರು 83%. ಒಂದೇ ಡೋಸ್ ಆದವರಿಗೆ ಲಾಭವೇ ಕಾಣಲಿಲ್ಲ. 2013ರಲ್ಲಿ ಇದು ಪ್ರಕಟವಾಯಿತು. ಮುಂದೆ 2022ರಲ್ಲಿ ಆ ಲಸಿಕೆ ನಿಂತಿತು, ಹೊಸದಕ್ಕೆ ಕೆಲಸ ಶುರುವಾಯಿತು. ಮಲೆನಾಡಿನ ಆಸ್ಪತ್ರೆಗಳ ರಿಜಿಸ್ಟರ್‌ನಿಂದ ಹೊರಟ ಪ್ರಶ್ನೆ ಇದು. ದೆಹಲಿಯಲ್ಲಿ ಕೂತವರಿಗೆ ಹೊಳೆಯುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಯಾ‌ರಿಗೆ ಯಾವುದು?

ಮನೆಗೆ ದುಡಿಯುವವರು ನೀವೊಬ್ಬರೇ, ಸಾಲ ಇದೆ, ತಂಗಿಯ ಓದು ಇದೆ ಅಂತಾದರೆ ಕಾಯಂ ಹುದ್ದೆಗೆ ಮೊದಲ ಮಣೆ ಹಾಕಿ. ವಿಜ್ಞಾನಿ ಹುದ್ದೆ ಅಥವಾ ಅಧ್ಯಾಪಕ ಹುದ್ದೆ. ನೀತಿಯ ಕೆಲಸ ಅಲ್ಲಿಂದಲೂ ಆಗುತ್ತದೆ, ನಿಧಾನ ಅಷ್ಟೆ. ಸಂಗಾತಿಗೆ ಗಟ್ಟಿ ಕೆಲಸ ಇದ್ದು, ಎರಡು ವರ್ಷ ಅಲುಗಾಟ ತಡೆಯಬಹುದು ಅಂದರೆ ಮೂರನೇ ದಾರಿ ನೋಡಿ. ಕಲಿಯುವುದು ಅಲ್ಲೇ ಜಾಸ್ತಿ. ತಪ್ಪು ಕಂಡಾಗ ಸುಮ್ಮನಿರಲು ಆಗದ ಸ್ವಭಾವ ನಿಮ್ಮದಾದರೆ ನಾಲ್ಕನೆಯದು, ಆದರೆ ಆರು ತಿಂಗಳ ಖರ್ಚಿಗೆ ಆಗುವಷ್ಟು ಹಣ ಬ್ಯಾಂಕಿನಲ್ಲಿ ಇಟ್ಟುಕೊಂಡು.

ಜೀವವಿಜ್ಞಾನದ ಪಿಎಚ್‌ಡಿಯವರಿಗೆ ಒಂದು ಮಾತು. ಕೋಶ, ಪ್ರೋಟೀನ್ ಗೊತ್ತಿದ್ದರೆ ಸಾಲದು. ಸಂಖ್ಯಾಶಾಸ್ತ್ರ, ಸಾಂಕ್ರಾಮಿಕ ರೋಗಶಾಸ್ತ್ರ, ಆರೋಗ್ಯ ಅರ್ಥಶಾಸ್ತ್ರದಲ್ಲಿ ಒಂದನ್ನಾದರೂ ಕೈಗೆ ಹತ್ತಿಸಿಕೊಳ್ಳಬೇಕು. ಅದಕ್ಕೆ ಇನ್ನೊಂದು ಪದವಿ ಬೇಕೇ ಬೇಕು ಅಂತಿಲ್ಲ. ಬೇಕು ಅನ್ನಿಸಿದರೆ ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರದ ಎಂಪಿಎಚ್ ದೇಶದಲ್ಲೇ ಹಳೆಯದು. ಕರ್ನಾಟಕದಲ್ಲಿ ನಿಮ್ಹಾನ್ಸ್, ಮಣಿಪಾಲ, ಮೈಸೂರಿನ ಜೆಎಸ್‌ಎಸ್ ಇವೆ. ಕಾನೂನು, ಆಡಳಿತದ ಕಡೆ ಒಲವಿದ್ದರೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಪಬ್ಲಿಕ್ ಪಾಲಿಸಿ ಕೋರ್ಸ್ ಇದೆ. ಎರಡು ವರ್ಷದ ಫೀಸು ಕಟ್ಟುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. 2017ರ ರಾಷ್ಟ್ರೀಯ ಆರೋಗ್ಯ ನೀತಿಯನ್ನು ಪೂರ್ತಿ ಓದಿ. 2025ರ ಹೊತ್ತಿಗೆ ಸರ್ಕಾರದ ಆರೋಗ್ಯ ವೆಚ್ಚ ಜಿಡಿಪಿಯ 2.5% ಆಗಬೇಕು ಅಂತ ಅದರಲ್ಲಿದೆ. ಆ ಒಂದು ಸಾಲು ತೆಗೆದುಕೊಂಡು, ನಿಮ್ಮ ಜಿಲ್ಲೆಗೆ ಅದರ ಅರ್ಥ ಏನು ಅಂತ ಎರಡು ಪುಟ ಕನ್ನಡದಲ್ಲಿ, ಎರಡು ಪುಟ ಇಂಗ್ಲಿಷಿನಲ್ಲಿ ಬರೆಯಿರಿ. ಬರೆಯುವಾಗ ಬೇಸರ ಬಂದರೆ ಈ ಕೆಲಸ ನಿಮಗಲ್ಲ. ರಾತ್ರಿ ಹನ್ನೆರಡಾದರೂ ಏಳಲು ಮನಸ್ಸಾಗದಿದ್ದರೆ ಧೈರ್ಯವಾಗಿ ಬನ್ನಿ.

ವಯಸ್ಸಿನ ಲೆಕ್ಕ ಮಾತ್ರ ಈಗಲೇ ಹಾಕಿಕೊಳ್ಳಿ. ಐಸಿಎಂಆರ್ ಸೈಂಟಿಸ್ಟ್ ಬಿಗೆ ಸಾಮಾನ್ಯವಾಗಿ 35, ಸೈಂಟಿಸ್ಟ್ ಸಿಗೆ 40 ಮಿತಿ. ಮೀಸಲಾತಿಯ ಸಡಿಲಿಕೆ ಇದೆ. ಆದರೆ ನಮ್ಮ ರಾಜ್ಯದ 2ಎ, 3ಎ, 3ಬಿ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇಲ್ಲ. ಇದ್ದರೂ ಕೇಂದ್ರದ ನಮೂನೆಯ ಪ್ರಮಾಣಪತ್ರ ಬೇರೆಯೇ ಮಾಡಿಸಬೇಕು. ತಹಶೀಲ್ದಾರ್ ಕಚೇರಿಯಿಂದ ಅದು ಬರಲು ಹಿಡಿಯುವ ಸಮಯವನ್ನೂ ಸೇರಿಸಿಕೊಂಡು ಅರ್ಜಿಯ ತಯಾರಿ ಶುರು ಮಾಡಿ. ಗುತ್ತಿಗೆ ಕೆಲಸ, ಫೆಲೋಶಿಪ್ ಮೂವತ್ತೆರಡರ ಒಳಗೆ ಮುಗಿಸಿದರೆ ಕಾಯಂ ಹುದ್ದೆಗೆ ಎರಡು ಮೂರು ಬಾರಿ ಪ್ರಯತ್ನಿಸಲು ಜಾಗ ಉಳಿಯುತ್ತದೆ.